ಒಂದು ರಾತ್ರಿ 38, ಮುಂದಿನ ಪಂದ್ಯದಲ್ಲಿ 9: ಜೇಲನ್ ಗ್ರೀನ್ ಅವರ ಆಟ ಏಕೆ ಹೀಗೆ ಏರಿಳಿಯುತ್ತದೆ?

ಪ್ರಶ್ನೆ: ಮಾನ್ಯರೇ, ನಾವು ಮೈಸೂರಿನವರು, ಕೆಲವು ವರ್ಷಗಳಿಂದ ಹ್ಯೂಸ್ಟನ್‌ನಲ್ಲಿ ನೆಲೆಸಿದ್ದೇವೆ. ನನ್ನ 14 ವರ್ಷದ ಮಗ ಶಾಲಾ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ. ಅವನಿಗೆ ರಾಕೆಟ್ಸ್ ತಂಡದಲ್ಲಿದ್ದ ಜೇಲನ್ ಗ್ರೀನ್ ಎಂದರೆ ಪ್ರಾಣ. 2025ರ ಪ್ಲೇಆಫ್‌ನಲ್ಲಿ (ಲೀಗ್ ಹಂತದ ನಂತರ ಪ್ರಶಸ್ತಿಗಾಗಿ ನಡೆಯುವ ಸರಣಿಗಳಲ್ಲಿ) ಗ್ರೀನ್ ಒಂದು ಪಂದ್ಯದಲ್ಲಿ 38 ಅಂಕ ಗಳಿಸಿ, ಉಳಿದ ಪಂದ್ಯಗಳಲ್ಲಿ ಮಂಕಾದದ್ದನ್ನು, ಅನಂತರ ತಂಡವು ಅವರನ್ನು ಫೀನಿಕ್ಸ್ ತಂಡಕ್ಕೆ ಕಳುಹಿಸಿಬಿಟ್ಟದ್ದನ್ನು ಅವನಿಗೆ ಇನ್ನೂ ಅರಗಿಸಿಕೊಳ್ಳಲಾಗಿಲ್ಲ. ಇಷ್ಟು ಪ್ರತಿಭೆಯಿದ್ದೂ ಆಟದಲ್ಲಿ ಸ್ಥಿರತೆ ಇಲ್ಲದಿರುವುದು ಮನೋಬಲದ ಕೊರತೆಯೇ? ಅವರು ಮುಂದೆ ದೊಡ್ಡ ಆಟಗಾರರಾಗುವರೇ? ಮಗನಿಗೆ ನಾನು ಏನು ಹೇಳಲಿ?

ಉತ್ತರ: ಮನೋಬಲದ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಏರಿಳಿತವಿರುವ ಯುವ ಆಟಗಾರನನ್ನು ಕಂಡಾಗ ಎಲ್ಲರೂ ಮೊದಲು ಬೆರಳು ತೋರಿಸುವುದು ಅದರತ್ತಲೇ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧದ ಆ ಸರಣಿಯ ಏಳು ಪಂದ್ಯಗಳಲ್ಲಿ ಗ್ರೀನ್ ಗಳಿಸಿದ ಅಂಕಗಳು ಕ್ರಮವಾಗಿ 7, 38, 9, 8, 11, 12 ಮತ್ತು 8. ಈ ಸಾಲಿನಲ್ಲಿ 38 ಎಂಬುದು ದಾರಿತಪ್ಪಿ ಬಂದು ಕುಳಿತ ಹಕ್ಕಿಯಂತೆ ಕಾಣುತ್ತದೆ, ನಿಜ. ಆದರೆ ಅದು ಬಂದ ಬಗೆಯನ್ನು ನೋಡಿ. ತಮ್ಮ ಜೀವನದ ಮೊತ್ತಮೊದಲ ಪ್ಲೇಆಫ್ ಪಂದ್ಯದಲ್ಲಿ ಅವರು 15 ಶಾಟ್‌ಗಳಲ್ಲಿ 12ನ್ನು ತಪ್ಪಿಸಿದರು, ತಂಡ ತವರಿನಲ್ಲೇ ಸೋತಿತು. ಮೂರು ದಿನಗಳ ಬಳಿಕ ಅದೇ ಕೋರ್ಟಿಗೆ, ಅದೇ ಪ್ರೇಕ್ಷಕರ ಮುಂದೆ ಇಳಿದು ಎಂಟು ತ್ರೀ ಪಾಯಿಂಟರ್ (ದೂರದ ಗೆರೆಯ ಹೊರಗಿನಿಂದ ಎಸೆದು ಮೂರು ಅಂಕ ಪಡೆಯುವ ಶಾಟ್) ಹಾಕಿದರು. ಎದೆಗುಂದುವ ಸ್ವಭಾವದವರಿಂದ ಆಗುವ ಕೆಲಸ ಇದಲ್ಲ. ಅದೂ ಅಲ್ಲದೆ 2023–24 ಮತ್ತು 2024–25ರ ಎರಡೂ ಋತುಗಳಲ್ಲಿ ಅವರು ಲೀಗ್ ಹಂತದ 82 ಪಂದ್ಯಗಳ ಪೈಕಿ ಒಂದನ್ನೂ ತಪ್ಪಿಸಲಿಲ್ಲ. ಇಂದಿನ ಎನ್‌ಬಿಎ ಎಂಬ ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ಹಾಗೆ ಆಡುವವರು ವಿರಳ. ಮೈಗಳ್ಳತನ, ಅಳ್ಳೆದೆ, ಅಶಿಸ್ತು ಎಂಬ ಆರೋಪಗಳನ್ನು ನಿಮ್ಮ ಮಗನ ಮುಂದೆ ಯಾರಾದರೂ ಮಾಡಿದರೆ ಅವನು ಧೈರ್ಯವಾಗಿ ಅಲ್ಲಗಳೆಯಬಹುದು.

ಹಾಗಾದರೆ ಕಾರಣವೇನು? ಒಂದು ಭಾಗ ಬರಿಯ ಲೆಕ್ಕಾಚಾರದ್ದು, ಅದನ್ನು ನೀವೇ ಕಾಗದದ ಮೇಲೆ ಮಾಡಿನೋಡಬಹುದು. 2024–25ರಲ್ಲಿ ಗ್ರೀನ್ ಪ್ರತಿ ಪಂದ್ಯಕ್ಕೆ ಸರಾಸರಿ ಎಂಟು ತ್ರೀ ಪಾಯಿಂಟರ್‌ಗಳಿಗೆ ಪ್ರಯತ್ನಿಸಿದರು, ಅವುಗಳಲ್ಲಿ ನೂರಕ್ಕೆ 35ರಷ್ಟು ಒಳಗೆ ಬಿದ್ದವು. ಅಂದರೆ ಸರಾಸರಿಯಲ್ಲಿ ಪಂದ್ಯಕ್ಕೆ ಸುಮಾರು ಮೂರು. ಈಗ ಅವರ ಕೌಶಲ, ಆರೋಗ್ಯ, ಮನಸ್ಸು, ಎದುರಾಳಿ ಎಲ್ಲವೂ ಪ್ರತಿದಿನ ಒಂದೇ ರೀತಿ ಇರುತ್ತವೆ, ಪ್ರತಿ ಶಾಟ್ ಬೀಳುವ ಸಂಭವವೂ ಸದಾ ನೂರಕ್ಕೆ 35 ಎಂದೇ ಇಟ್ಟುಕೊಳ್ಳೋಣ. ಆಗಲೂ ಎಂಟರಲ್ಲಿ ಒಂದೂ ಬೀಳದ ಅಥವಾ ಒಂದೇ ಬೀಳುವ ಸಂಭವ ನೂರಕ್ಕೆ 17ರಷ್ಟಿರುತ್ತದೆ. ಐದು ಅಥವಾ ಅದಕ್ಕಿಂತ ಹೆಚ್ಚು ಬೀಳುವ ಸಂಭವ ನೂರಕ್ಕೆ 10ಕ್ಕಿಂತ ತುಸು ಹೆಚ್ಚಿರುತ್ತದೆ. 82 ಪಂದ್ಯಗಳಿಗೆ ಇದನ್ನು ಹರಡಿದರೆ, ಯಾವ ತಪ್ಪನ್ನೂ ಮಾಡದ, ಯಾವ ಆತಂಕವೂ ಇಲ್ಲದ ಆಟಗಾರನೊಬ್ಬ ಸುಮಾರು 14 ಪಂದ್ಯಗಳಲ್ಲಿ ‘ಇವನಿಗೆ ಏನಾಯಿತು?’ ಎನಿಸುವಂತೆಯೂ, ಎಂಟೊಂಬತ್ತು ಪಂದ್ಯಗಳಲ್ಲಿ ‘ಇವನನ್ನು ತಡೆಯುವವರೇ ಇಲ್ಲ’ ಎನಿಸುವಂತೆಯೂ ಕಾಣುತ್ತಾನೆ. ಪತ್ರಿಕೆಯವರು ಮರುದಿನ ಎರಡಕ್ಕೂ ಮನಸ್ಸಿನೊಳಗಿನ ಕಾರಣ ಹುಡುಕಿ ಬರೆಯುತ್ತಾರೆ, ನಾವೂ ನಂಬುತ್ತೇವೆ. ಹಲವು ವರ್ಷ ಮಕ್ಕಳಿಗೆ ತರಬೇತಿ ನೀಡಿರುವ ನಾನೂ ಆರಂಭದ ದಿನಗಳಲ್ಲಿ ಇಂಥ ತಪ್ಪನ್ನು ಮಾಡಿದ್ದೇನೆ: ಶಾಟ್ ಬೀಳದ ದಿನ ಹುಡುಗನೊಬ್ಬನನ್ನು ಗದರಿ, ಬಿದ್ದ ದಿನ ಹೊಗಳಿ, ಅವನ ಕೈಗಿಂತ ನನ್ನ ನಾಲಿಗೆಯನ್ನೇ ಹೆಚ್ಚು ಅಸ್ಥಿರವಾಗಿಸಿಕೊಂಡಿದ್ದೆ.

ಆದರೆ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟಿ ಸುಮ್ಮನಾಗಲು ಬರುವುದಿಲ್ಲ. ಏಳು ಪಂದ್ಯಗಳಲ್ಲಿ ಆರು ಸಲ 12 ಅಂಕ ದಾಟದಿರುವುದನ್ನು ಮೇಲಿನ ಲೆಕ್ಕವೊಂದೇ ವಿವರಿಸಲಾರದು. ನಿಜವಾದ ಪ್ರಶ್ನೆ ಇಲ್ಲಿದೆ: ದೂರದ ಶಾಟ್ ಬೀಳದ ದಿನ ಗ್ರೀನ್ ಅವರ ಕೈಯಲ್ಲಿ ಮತ್ತೇನಿರುತ್ತದೆ?

ನಮ್ಮ ಕಡೆಯ ಬೇಸಾಯದಿಂದ ಒಂದು ಹೋಲಿಕೆ ಕೊಡುತ್ತೇನೆ. ಖುಷ್ಕಿ ಜಮೀನಿನ ರೈತ ಎಷ್ಟೇ ದುಡಿಯಲಿ, ಮಳೆ ಬಂದ ವರ್ಷ ಕಣ ತುಂಬುತ್ತದೆ, ಬಾರದ ವರ್ಷ ಬಿತ್ತಿದ ಬೀಜವೂ ಕೈಗೆ ಮರಳುವುದಿಲ್ಲ. ಅದೇ ಹೊಲದಲ್ಲಿ ಒಂದು ಬಾವಿಯಿದ್ದರೆ, ಮಳೆ ಕೈಕೊಟ್ಟ ವರ್ಷವೂ ಮನೆಮಂದಿಯ ಊಟಕ್ಕಾಗುವಷ್ಟು ಬೆಳೆ ಬಂದೇ ಬರುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ತ್ರೀ ಪಾಯಿಂಟರ್, ಅದರಲ್ಲೂ ಡ್ರಿಬಲ್ ಮಾಡುತ್ತಲೇ (ಚೆಂಡನ್ನು ನೆಲಕ್ಕೆ ಪುಟಿಸುತ್ತಲೇ) ಎದುರಾಳಿಯ ಕೈಯ ಮೇಲಿಂದ ಎಸೆಯುವ ಶಾಟ್, ಮಳೆಯಿದ್ದಂತೆ. ಬಾವಿಗಳು ಬೇರೆ ಇವೆ: ರಿಂಗ್‌ನ ಬುಡದವರೆಗೆ ನುಗ್ಗಿ ಮೈಗೆ ಮೈ ತಾಗಿಸಿ ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ಗಿಟ್ಟಿಸುವುದು, ಇಬ್ಬರು ತನ್ನತ್ತ ಓಡಿಬಂದಾಗ ಬಿಡುವಾದ ಜೊತೆಗಾರನಿಗೆ ಸಕಾಲಕ್ಕೆ ಪಾಸ್ ಕೊಡುವುದು, ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು) ಹಿಡಿಯುವುದು, ಎದುರಾಳಿಯ ಮುಖ್ಯ ಆಟಗಾರನನ್ನು ಕಟ್ಟಿಹಾಕುವುದು. ದೊಡ್ಡ ಆಟಗಾರರ ಕೈಯೂ ಕೆಲವು ರಾತ್ರಿ ಕೂಡುವುದಿಲ್ಲ. ಆದರೆ ಅಂಥ ರಾತ್ರಿಗಳಲ್ಲೂ ಅವರು ತಂಡಕ್ಕೆ ಹೊರೆಯಾಗದಿರುವುದು ಈ ಬಾವಿಗಳಿಂದಾಗಿ. ಹ್ಯೂಸ್ಟನ್‌ನ ನಾಲ್ಕು ಋತುಗಳಲ್ಲಿ ಗ್ರೀನ್ ಅವರ ಅಂಕಗಳ ಸರಾಸರಿ 17.3, 22.1, 19.6 ಮತ್ತು 21.0 ಇತ್ತು. ಇದು ಸಣ್ಣ ಸಾಧನೆಯಲ್ಲ. ಆದರೆ ಈ ನಾಲ್ಕರಲ್ಲಿ ಒಂದು ಋತುವಿನಲ್ಲಿಯೂ ಅವರ ಅಸಿಸ್ಟ್‌ಗಳ (ಜೊತೆಗಾರನ ಅಂಕಕ್ಕೆ ದಾರಿ ಮಾಡಿಕೊಡುವ ಪಾಸ್‌ಗಳ) ಸರಾಸರಿ ನಾಲ್ಕನ್ನು ಮುಟ್ಟಲಿಲ್ಲ, ಒಟ್ಟಾರೆ ಶಾಟ್‌ಗಳ ಯಶಸ್ಸು ನೂರಕ್ಕೆ 42ರ ಆಸುಪಾಸಿನಿಂದ ಮೇಲೇಳಲಿಲ್ಲ. ಚೆಂಡು ಅಷ್ಟು ಹೊತ್ತು ಕೈಯಲ್ಲಿರುವ ಗಾರ್ಡ್‌ಗೆ ಇವೆರಡೂ ಕಡಿಮೆಯೇ.

ಈ ಬಾವಿಗಳನ್ನು ಅವರು ಏಕೆ ತೋಡಿಕೊಳ್ಳಲಿಲ್ಲ ಎಂದು ಕೇಳಿದರೆ, ಅವರು ಬೆಳೆದ ಬಗೆಯನ್ನು ನೋಡಬೇಕಾಗುತ್ತದೆ, ಮತ್ತು ಇಲ್ಲಿ ನನಗೆ ಅವರ ಬಗ್ಗೆ ಮರುಕವೂ ಇದೆ. ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ 2002ರಲ್ಲಿ ಹುಟ್ಟಿದ ಗ್ರೀನ್, ಹೈಸ್ಕೂಲಿನ ಬಳಿಕ ಎಲ್ಲರೂ ಹಿಡಿಯುವ ಕಾಲೇಜು ತಂಡದ ದಾರಿಯನ್ನು ಬಿಟ್ಟು, 2020ರಲ್ಲಿ ಆಗಷ್ಟೇ ರೂಪುಗೊಂಡಿದ್ದ ಎನ್‌ಬಿಎಯ ಕಿರಿಯ ಲೀಗ್ ಆದ ಜಿ ಲೀಗ್‌ನ ಇಗ್ನೈಟ್ ಎಂಬ ತಂಡವನ್ನು ಸೇರಿದರು. ಅದು ಕೋವಿಡ್ ಕಾಲ. ಫ್ಲಾರಿಡಾದಲ್ಲಿ ಭಾಗವಹಿಸಿದ ತಂಡಗಳನ್ನೆಲ್ಲ ಒಂದೇ ಆವರಣದಲ್ಲಿರಿಸಿ ನಡೆಸಿದ ಕಿರು ಋತುವೊಂದೇ ಅವರ ಪಾಲಿಗೆ ಸಿಕ್ಕಿದ್ದು. ಹಾಗಾಗಿ ಹೈಸ್ಕೂಲಿನ ಅಂಗಳಕ್ಕೂ ಎನ್‌ಬಿಎ ಅಂಗಳಕ್ಕೂ ನಡುವೆ ಅವರು ಆಡಿದ್ದು ಕೇವಲ ಕೆಲವು ವಾರಗಳ ಪಂದ್ಯಗಳನ್ನು. 2021ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಏರ್ಪಾಡಿನಲ್ಲಿ) ಕೇಡ್ ಕನ್ನಿಂಗ್‌ಹ್ಯಾಮ್ ಅವರ ಬೆನ್ನಿಗೇ, ಎರಡನೆಯ ಆಯ್ಕೆಯಾಗಿ ಹ್ಯೂಸ್ಟನ್ ಅವರನ್ನು ತೆಗೆದುಕೊಂಡಿತು. ಮೂರನೆಯವರಾಗಿ ಇವಾನ್ ಮೋಬ್ಲಿ, ನಾಲ್ಕನೆಯವರಾಗಿ ಸ್ಕಾಟಿ ಬಾರ್ನ್ಸ್ ಆಯ್ಕೆಯಾದರು. ಅಂದಿನಿಂದ ಗ್ರೀನ್ ಅವರನ್ನು ಈ ಇಬ್ಬರೊಂದಿಗೆ ತೂಗಿ ನೋಡುವುದು ಇನ್ನೂ ನಿಂತಿಲ್ಲ.

ಆಗಿನ ಹ್ಯೂಸ್ಟನ್ ಎಂಥ ಶಾಲೆ? ತಂಡದ ತಾರೆ ಜೇಮ್ಸ್ ಹಾರ್ಡನ್ 2021ರ ಜನವರಿಯಲ್ಲಿ ತಂಡ ತೊರೆದಿದ್ದರು. ಉಳಿದ ಹಿರಿಯರೂ ಚದುರಿಹೋಗಿ, ತಂಡವು ಹುಡುಗರನ್ನೇ ಕಟ್ಟಿಕೊಂಡು ಮೊದಲಿನಿಂದ ಆರಂಭಿಸಿತ್ತು. ಗ್ರೀನ್ ಅವರ ಮೊದಲ ಋತುವಿನಲ್ಲಿ ತಂಡ 20 ಪಂದ್ಯ ಗೆದ್ದು 62ರಲ್ಲಿ ಸೋತಿತು, ಎರಡನೆಯದರಲ್ಲಿ 22 ಗೆದ್ದು 60ರಲ್ಲಿ ಸೋತಿತು. ಇಂಥ ತಂಡದಲ್ಲಿ ಇಪ್ಪತ್ತರ ಹುಡುಗನಿಗೆ ಬೇಕಾದಷ್ಟು ಶಾಟ್ ಹಾಕುವ ಸ್ವಾತಂತ್ರ್ಯ ಸಿಗುತ್ತದೆ, ಕೆಟ್ಟ ಶಾಟ್‌ಗೆ ಬೆಂಚಿನ ಮೇಲೆ ಕೂರಿಸುವವರಿರುವುದಿಲ್ಲ, ಯಾವಾಗ ಚೆಂಡು ಬಿಟ್ಟುಕೊಡಬೇಕೆಂದು ಪಂದ್ಯದ ನಡುವೆಯೇ ಕಿವಿಯಲ್ಲಿ ಹೇಳುವ ಅನುಭವಿ ಪಾಯಿಂಟ್ ಗಾರ್ಡ್ (ತಂಡದ ಆಟವನ್ನು ನಡೆಸುವವರು) ಪಕ್ಕದಲ್ಲಿರುವುದಿಲ್ಲ. ಶಾಟ್ ಹಾಕಲು ತಂಡಕ್ಕೆ ಪ್ರತಿ ಸಲ ಸಿಗುವ 24 ಸೆಕೆಂಡಿನ ಗಡಿಯಾರ ಮುಗಿಯುವ ಹೊತ್ತಿಗೆ ಚೆಂಡು ಕೈಯಲ್ಲಿದ್ದವರು ಎಸೆಯಲೇಬೇಕು. ಹ್ಯೂಸ್ಟನ್‌ನಲ್ಲಿ ಹಾಗೆ ಎಸೆಯುವ ಸರದಿ ಬಹಳ ಸಲ ಗ್ರೀನ್ ಅವರದಾಗಿತ್ತು. ಆ ವಯಸ್ಸಿನಲ್ಲಿ ಹತ್ತಿದ ರೂಢಿ ಬಿಡಿಸಲು ಎರಡು ಪಟ್ಟು ಕಾಲ ಬೇಕಾಗುತ್ತದೆ. 2023ರಲ್ಲಿ ಕೋಚ್ ಇಮೆ ಉಡೋಕಾ ಬಂದರು, ಫ್ರೆಡ್ ವ್ಯಾನ್‌ವ್ಲೀಟ್ ಮತ್ತು ಡಿಲನ್ ಬ್ರೂಕ್ಸ್ ಅವರಂಥ ಅನುಭವಿಗಳು ಬಂದರು, ತಂಡದ ಡಿಫೆನ್ಸ್ ಗಟ್ಟಿಯಾಯಿತು, 41 ಗೆಲುವು ಬಂತು, ಮರುವರ್ಷ 52. ಆದರೆ ಗ್ರೀನ್ ಅವರ ಆಟದ ತಳಹದಿ ಬಿದ್ದದ್ದು ಅದಕ್ಕೂ ಮೊದಲು.

ಅವರ ಸಾಮರ್ಥ್ಯ ಎಷ್ಟು ದೊಡ್ಡದು ಎಂಬುದಕ್ಕೆ 2024ರ ಮಾರ್ಚ್ ತಿಂಗಳೇ ಸಾಕ್ಷಿ. ಆ ತಿಂಗಳು ತಂಡದ ಮುಖ್ಯ ಎತ್ತರದ ಆಟಗಾರ ಅಲ್ಪೆರೆನ್ ಶೆಂಗೂನ್ ಗಾಯಗೊಂಡು ಹೊರಬಿದ್ದರು. ಎಲ್ಲರೂ ತಂಡದ ಕಥೆ ಮುಗಿಯಿತೆಂದುಕೊಂಡರು. ನಡೆದದ್ದು ತದ್ವಿರುದ್ಧ: ಹ್ಯೂಸ್ಟನ್ ಸತತ 11 ಪಂದ್ಯ ಗೆದ್ದಿತು, ಗ್ರೀನ್ ಆ ತಿಂಗಳಿಡೀ ಪಂದ್ಯಕ್ಕೆ 27ಕ್ಕೂ ಹೆಚ್ಚು ಅಂಕಗಳ ಸರಾಸರಿಯಲ್ಲಿ ಆಡಿದರು. ಇದನ್ನು ಕೆಲವರು ‘ಕೊನೆಗೂ ಎಚ್ಚೆತ್ತರು’ ಎಂದು ವಿವರಿಸಿದರು. ನಾನು ಆ ಪಂದ್ಯಗಳನ್ನು ನೋಡುವಾಗ ಕಂಡದ್ದು ಬೇರೆ. ರಿಂಗ್‌ನ ಸಮೀಪ ಚೆಂಡು ಪಡೆದು ಆಡುವ ಶೆಂಗೂನ್ ಇಲ್ಲದಿದ್ದಾಗ, ಆ ಜಾಗಕ್ಕೆ ದೂರದಿಂದಲೂ ಶಾಟ್ ಹಾಕಬಲ್ಲ ಜಬಾರಿ ಸ್ಮಿತ್ ಜೂನಿಯರ್ ಬಂದರು. ಎದುರಾಳಿಯ ಎತ್ತರದ ರಕ್ಷಕ ಅವರ ಬೆನ್ನುಹತ್ತಿ ಹೊರಗೆ ಬರಬೇಕಾಯಿತು. ರಿಂಗ್‌ನ ಮುಂದಿನ ಅಂಗಳ ಬಯಲಾಯಿತು. ಗ್ರೀನ್ ಅವರ ಮೊದಲ ಹೆಜ್ಜೆಯ ವೇಗ ಈ ಆಟದಲ್ಲೇ ಅಪರೂಪದ್ದು, ಮತ್ತು ವೇಗಕ್ಕೆ ಬಯಲು ಬೇಕು. ಶೆಂಗೂನ್ ಅವರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ, ಅವರು ಬಹಳ ಒಳ್ಳೆಯ ಆಟಗಾರ. ಒಬ್ಬರಿಗೆ ಒಪ್ಪುವ ಏರ್ಪಾಡು ಇನ್ನೊಬ್ಬರ ಉಸಿರು ಕಟ್ಟಿಸಬಹುದು ಎಂಬುದಷ್ಟೇ ನನ್ನ ಮಾತು.

ಮರುವರ್ಷದ ಪ್ಲೇಆಫ್‌ನಲ್ಲಿ ಆ ಉಸಿರುಗಟ್ಟುವಿಕೆಯೇ ಕಂಡಿತು. ಲೀಗ್ ಹಂತದಲ್ಲಿ ತಂಡಗಳು ಇಂದು ಒಂದೂರು, ನಾಳೆ ಇನ್ನೊಂದೂರು ಎಂದು ಓಡುತ್ತಿರುತ್ತವೆ, ಒಬ್ಬ ಆಟಗಾರನ ಬಗ್ಗೆ ಕುಳಿತು ಯೋಚಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಪ್ಲೇಆಫ್‌ನಲ್ಲಿ ಎರಡು ವಾರ ಅದೇ ಎದುರಾಳಿ. ಎರಡನೆಯ ಪಂದ್ಯದ 38 ಅಂಕಗಳ ಬಳಿಕ ಗೋಲ್ಡನ್ ಸ್ಟೇಟ್ ಅವರನ್ನು ಮತ್ತೆ ಹಾಗೆ ಹರಿಯಬಿಡಲಿಲ್ಲ. ಮೂರನೆಯ ಪಂದ್ಯಕ್ಕೆ ಗೋಲ್ಡನ್ ಸ್ಟೇಟ್‌ನ ಜಿಮ್ಮಿ ಬಟ್ಲರ್ ಗಾಯದಿಂದ ಹೊರಗುಳಿದಿದ್ದರೂ ಗ್ರೀನ್ 9 ಅಂಕಗಳಿಗೆ ಇಳಿದದ್ದು ಗಮನಾರ್ಹ. ಹ್ಯೂಸ್ಟನ್ ಆಗ ಶೆಂಗೂನ್ ಜೊತೆಗೆ ಸ್ಟೀವನ್ ಆಡಮ್ಸ್ ಅವರನ್ನೂ ಇಳಿಸಿ, ಇಬ್ಬರು ದೈತ್ಯರ ಬಲದಿಂದ ರೀಬೌಂಡ್ ದೋಚುವ ತಂತ್ರ ಹೂಡಿತ್ತು. ಹ್ಯೂಸ್ಟನ್‌ನವರೇ ಆದ ಅಮೆನ್ ಥಾಂಪ್ಸನ್ ಕೂಡ ದೂರದ ಶಾಟ್‌ನಲ್ಲಿ ನುರಿತವರಲ್ಲ. ಹೊರಗೆ ನಿಂತ ಇವರನ್ನು ಬಿಟ್ಟು ಎದುರಾಳಿಗಳು ನಿಶ್ಚಿಂತೆಯಿಂದ ಒಳಗೆ ಗುಂಪುಗೂಡಬಹುದಾಗಿತ್ತು. ತಂಡಕ್ಕೆ ಈ ತಂತ್ರ ಫಲ ಕೊಟ್ಟಿತು, ಸರಣಿ ಏಳನೆಯ ಪಂದ್ಯದವರೆಗೆ ಬಂತು. ಗ್ರೀನ್ ಅವರಿಗೆ ಮಾತ್ರ ಎಲ್ಲಿ ನೋಡಿದರೂ ಮೈಗಳ ಗೋಡೆ. 6 ಅಡಿ 4 ಅಂಗುಲದ ತೆಳು ಮೈಕಟ್ಟಿನವರು ಆ ಗೋಡೆಗೆ ಡಿಕ್ಕಿ ಹೊಡೆಯುವ ಬದಲು ಮತ್ತೆ ಮತ್ತೆ ಹಿಂದೆ ಸರಿದು ಕಷ್ಟದ ಶಾಟ್ ಎಸೆದರು. ಇಬ್ಬರು ತನ್ನತ್ತ ಬರುವ ಕ್ಷಣಕ್ಕೆ ಅರೆ ಸೆಕೆಂಡು ಮೊದಲೇ ಪಾಸ್ ಹೊರಡಬೇಕಿತ್ತು. ಅದು ಅರೆ ಸೆಕೆಂಡು ತಡವಾಗಿ ಹೊರಡುತ್ತಿತ್ತು. ನನ್ನ ಮಟ್ಟಿಗೆ ಅವರ ಸ್ಥಿರತೆಯ ಸಮಸ್ಯೆ ಇರುವುದು ಈ ಒಂದು ಸೆಕೆಂಡಿನೊಳಗೆ.

ಆ ಸೆಕೆಂಡನ್ನು ಕಲಿಯಲು ಸಾಧ್ಯವೇ? ಸಾಧ್ಯ ಎನ್ನಲು ಉತ್ತಮ ಉದಾಹರಣೆ ಈಗ ಫೀನಿಕ್ಸ್‌ನಲ್ಲಿ ಅವರ ಪಕ್ಕದಲ್ಲೇ ಇದೆ. ಡೆವಿನ್ ಬೂಕರ್ 2017ರ ಮಾರ್ಚ್‌ನಲ್ಲಿ, ಇನ್ನೂ 20 ವರ್ಷದವರಾಗಿದ್ದಾಗ, ಬಾಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ 70 ಅಂಕ ಗಳಿಸಿದರು. ತಂಡ ಆ ಪಂದ್ಯವನ್ನೂ ಸೋತಿತು, ಆ ಋತುವಿನಲ್ಲಿ 58 ಪಂದ್ಯಗಳನ್ನು ಸೋತಿತು. ಸೋಲುವ ತಂಡದಲ್ಲಿ ಅಂಕ ಪೇರಿಸುವವರು ಎಂಬ ಹಣೆಪಟ್ಟಿ ಅವರಿಗೂ ಅಂಟಿತ್ತು. ಆದರೆ 2018–19ರ ಹೊತ್ತಿಗೆ ಅವರು ಪಂದ್ಯಕ್ಕೆ 26.6 ಅಂಕಗಳ ಜೊತೆಗೆ 6.8 ಅಸಿಸ್ಟ್ ಕೊಡುತ್ತಿದ್ದರು. ತಂಡ ಆಗಲೂ ಸೋಲುತ್ತಲೇ ಇತ್ತು. ಆದರೆ ಬೂಕರ್ ಸದ್ದಿಲ್ಲದೆ ತಮ್ಮ ಬಾವಿ ತೋಡುತ್ತಿದ್ದರು. 2020ರಲ್ಲಿ ಅನುಭವಿ ಪಾಯಿಂಟ್ ಗಾರ್ಡ್ ಕ್ರಿಸ್ ಪಾಲ್ ಬಂದರು, 2021ರಲ್ಲಿ ಬೂಕರ್ ತಮ್ಮ ಮೊದಲ ಪ್ಲೇಆಫ್‌ನಲ್ಲೇ ತಂಡವನ್ನು ಫೈನಲ್‌ವರೆಗೆ ಒಯ್ದರು. ಅದು ಅವರ ಆರನೆಯ ಋತು. ಗ್ರೀನ್ ಹ್ಯೂಸ್ಟನ್‌ನಲ್ಲಿ ಕಳೆದದ್ದು ನಾಲ್ಕು.

ಇನ್ನೊಂದು ದಾರಿಯೂ ಇದೆ, ಅದು ಆ್ಯಂಡ್ರೂ ವಿಗಿನ್ಸ್ ಅವರದು. 2014ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯಾಗಿ ಬಂದ ಅವರು ಮಿನೆಸೋಟದಲ್ಲಿ ಅಂಕ ಗಳಿಸಿದರೂ, ಮನಸ್ಸಿಟ್ಟು ಆಡುವುದಿಲ್ಲ ಎಂಬ ಮಾತನ್ನು ವರ್ಷಗಟ್ಟಲೆ ಕೇಳಿಸಿಕೊಂಡರು. 2020ರಲ್ಲಿ ಗೋಲ್ಡನ್ ಸ್ಟೇಟ್‌ಗೆ ಬಂದಾಗ ತಂಡದ ಭಾರ ಸ್ಟೀಫನ್ ಕರಿ ಅವರ ಹೆಗಲ ಮೇಲಿತ್ತು. ವಿಗಿನ್ಸ್‌ಗೆ ಎದುರಾಳಿಯ ಶ್ರೇಷ್ಠ ಆಟಗಾರನನ್ನು ತಡೆಯುವುದು, ರೀಬೌಂಡ್ ಹಿಡಿಯುವುದು, ಸಿಕ್ಕ ಶಾಟ್ ಹಾಕುವುದು ಎಂಬಷ್ಟೇ ಕೆಲಸ ಉಳಿಯಿತು. 2022ರ ಫೈನಲ್‌ನ ಐದನೆಯ ಪಂದ್ಯದಲ್ಲಿ ಅವರು 26 ಅಂಕ, 13 ರೀಬೌಂಡ್ ಗಳಿಸಿದರು, ತಂಡ ಪ್ರಶಸ್ತಿ ಗೆದ್ದಿತು. ಅದೇ ಮನುಷ್ಯ, ಅದೇ ಮನಸ್ಸು. ಬದಲಾದದ್ದು ಅವರಿಂದ ತಂಡ ಕೇಳಿದ ಕೆಲಸ. ನಮ್ಮ ರಾಹುಲ್ ದ್ರಾವಿಡ್ ಅವರನ್ನು ಏಕದಿನ ಕ್ರಿಕೆಟ್‌ಗೆ ತಕ್ಕವರಲ್ಲ ಎಂದು ಒಮ್ಮೆ ಕೈಬಿಟ್ಟಿದ್ದರೆಂಬುದು ಈಗ ಎಷ್ಟೋ ಜನಕ್ಕೆ ನೆನಪಿಲ್ಲ. 1999ರ ವಿಶ್ವಕಪ್‌ನಲ್ಲಿ 461 ರನ್‌ಗಳೊಂದಿಗೆ ಎಲ್ಲರಿಗಿಂತ ಮುಂದಿದ್ದವರು ಅವರೇ, 2003ರಲ್ಲಿ ಗ್ಲೌಸ್ ತೊಟ್ಟು ವಿಕೆಟ್ ಹಿಂದೆ ನಿಂತವರೂ ಅವರೇ. ಸ್ಥಿರತೆಗೆ ಹೆಸರಾದ ಆಟಗಾರನೂ ತನ್ನ ಮುಖ್ಯ ಕಸುಬಿನ ಆಚೆ ಇನ್ನೊಂದು ಕೆಲಸವನ್ನು ಕೈಗೆತ್ತಿಕೊಂಡಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ.

ಹ್ಯೂಸ್ಟನ್ ಅವರನ್ನು ಬಿಟ್ಟುಕೊಟ್ಟದ್ದರ ಬಗ್ಗೆ ನಿಮ್ಮ ಮಗನಿಗೆ ಇರುವ ನೋವು ಸಹಜ. ಆದರೆ ಆ ವ್ಯವಹಾರದಲ್ಲಿ ತಂಡಕ್ಕೆ ಸಿಕ್ಕವರು ಕೆವಿನ್ ಡ್ಯುರಾಂಟ್. 52 ಪಂದ್ಯ ಗೆದ್ದು, ಪ್ಲೇಆಫ್‌ನಲ್ಲಿ ಅಂಕ ಗಳಿಸುವವರಿಲ್ಲದೆ ಸೋತ ತಂಡವೊಂದು, ಇಂದೇ ಖಚಿತವಾಗಿ ಅಂಕ ತರುವ ಹಿರಿಯನಿಗಾಗಿ ನಾಳೆ ತರಬಹುದಾದ ಕಿರಿಯನನ್ನು ಕೊಟ್ಟಿತು. ಇದರಲ್ಲಿ ಅವಮಾನವಿಲ್ಲ, ಡ್ಯುರಾಂಟ್ ಅವರಂಥವರಿಗೆ ಬದಲಾಗಿ ಎದುರು ತಂಡ ಒಪ್ಪಿಕೊಂಡವರಲ್ಲಿ ಗ್ರೀನ್ ಮುಖ್ಯರಾಗಿದ್ದರು ಎಂಬುದೇ ಅವರ ಬೆಲೆಯನ್ನು ಹೇಳುತ್ತದೆ. 2025–26ರ ಆರಂಭದಲ್ಲಿ, ಎರಡು ವರ್ಷ ಒಂದು ಪಂದ್ಯವನ್ನೂ ಬಿಡದಿದ್ದ ಅವರನ್ನು ತೊಡೆಯ ಹಿಂಭಾಗದ ಸ್ನಾಯುವಿನ ಗಾಯ ಹೊರಗೆ ಕೂರಿಸಿದ್ದು ದುರದೃಷ್ಟ. ವೇಗವನ್ನೇ ನಂಬಿದವರಿಗೆ ಆ ಸ್ನಾಯು ಪೂರ್ತಿ ಮಾಗುವವರೆಗೆ ಕಾಯುವ ತಾಳ್ಮೆ ಬೇಕು, ಅವಸರಪಟ್ಟರೆ ಗಾಯ ಮರುಕಳಿಸಬಹುದು.

ಅವರು ದೊಡ್ಡ ಆಟಗಾರರಾಗುವರೇ ಎಂಬುದಕ್ಕೆ ನನ್ನ ಅಭಿಪ್ರಾಯ ಹೀಗಿದೆ. ಒಂದು ಒಳ್ಳೆಯ ತಂಡದ ಎರಡನೆಯ ಅಥವಾ ಮೂರನೆಯ ಮುಖ್ಯ ಸ್ಕೋರರ್ ಆಗಲು ಬೇಕಾದದ್ದೆಲ್ಲವೂ ಅವರಲ್ಲಿ ಈಗಾಗಲೇ ಇದೆ, ಅದರ ಬಗ್ಗೆ ನನಗೆ ಸಂದೇಹವಿಲ್ಲ. ಅದಕ್ಕಿಂತ ಮೇಲೇರುವುದು ಅವರ ತ್ರೀ ಪಾಯಿಂಟರ್ ಇನ್ನೆಷ್ಟು ಸುಧಾರಿಸುತ್ತದೆ ಎಂಬುದಕ್ಕಿಂತ, ಪಾಸ್ ಮತ್ತು ಫ್ರೀ ಥ್ರೋ ಎಂಬ ಎರಡು ಬಾವಿಗಳಲ್ಲಿ ನೀರು ಬರುತ್ತದೆಯೇ ಎಂಬುದನ್ನು ಅವಲಂಬಿಸಿದೆ. ಫೀನಿಕ್ಸ್‌ನಲ್ಲಿ ಎದುರಾಳಿಯ ಮೊದಲ ರಕ್ಷಕ ಬೂಕರ್ ಅವರತ್ತ ಹೋಗುತ್ತಾನೆ. ಗ್ರೀನ್ ಅವರಿಗೆ ತಮ್ಮ ಜೀವನದಲ್ಲಿ ಹೆಚ್ಚಾಗಿ ಸಿಗದ ಬಯಲು ಅಲ್ಲಿ ಸಿಗಬಹುದು.

ಮಗನಿಗೆ ಉಪದೇಶದ ಮಾತು ಬೇಡ, ಒಂದು ಕೆಲಸ ಕೊಡಿ. ಗ್ರೀನ್ ಆಡುವ ಪಂದ್ಯವನ್ನು ನೋಡಲು ಕೂರುವಾಗ ಅವನ ಕೈಗೆ ಒಂದು ಹಾಳೆ ಮತ್ತು ಪೆನ್ಸಿಲ್ ಇರಲಿ. ಅಂಕಗಳನ್ನು ಬರೆಯುವುದು ಬೇಡ, ಅವು ಪರದೆಯ ಮೇಲೇ ಬರುತ್ತವೆ. ಗ್ರೀನ್ ಒಂದು ಶಾಟ್ ತಪ್ಪಿಸಿದ ಮೇಲೆ ಮುಂದಿನ ಮೂರು ಸಲ ಚೆಂಡು ಕೈಗೆ ಬಂದಾಗ ಏನು ಮಾಡಿದರು ಎಂಬುದನ್ನು ಮಾತ್ರ ಅವನು ಬರೆಯಲಿ: ರಿಂಗ್‌ನತ್ತ ನುಗ್ಗಿದರೇ, ಪಾಸ್ ಕೊಟ್ಟರೇ, ಮತ್ತೆ ದೂರದಿಂದಲೇ ಎಸೆದರೇ, ಮತ್ತು ತಪ್ಪಿದ ಬೆನ್ನಿಗೆ ಡಿಫೆನ್ಸ್‌ಗೆ ಓಡಿದರೇ ಅಥವಾ ನಡೆದರೇ. ಅವನ ಶಾಲಾ ಪಂದ್ಯದ ದಿನ ಗ್ಯಾಲರಿಯಲ್ಲಿ ಕುಳಿತು ನೀವು ಅವನಿಗಾಗಿ ಇದೇ ಹಾಳೆಯನ್ನು ತುಂಬಿಸಿ. ಹತ್ತು ಪಂದ್ಯಗಳ ಹಾಳೆಗಳು ಸೇರಿದ ಮೇಲೆ ಇಬ್ಬರೂ ಒಟ್ಟಿಗೆ ಕುಳಿತು ಅಕ್ಕಪಕ್ಕ ಇಟ್ಟು ನೋಡಿ, ನನಗೂ ಒಂದು ಪ್ರತಿ ಕಳುಹಿಸಿ. ಅವನ ಆಟದಲ್ಲಿ ಎಲ್ಲಿ ಬಾವಿ ತೋಡಬೇಕು ಎಂಬುದನ್ನು ಆ ಹಾಳೆಗಳನ್ನು ನೋಡಿಯೇ ಬರೆಯುತ್ತೇನೆ.